ಅಧಿಕಾರದಲ್ಲಿ ಕೂತವರ ಧರ್ಮ ಯಾವುದು? ನಮ್ಮೂರ ಬಂಡಿದಾರಿಯ ಪ್ರಶ್ನೆ

ಸೀಬೆತೋಟ

ಎಲ್ಲರಿಗೂ ನಮಸ್ಕಾರ. ನಾನೊಂದು ಸಣ್ಣ ಗ್ರಾಮ ಪಂಚಾಯಿತಿಯ ಅಧ್ಯಕ್ಷೆ. ಊರು, ತಾಲ್ಲೂಕು ಬರೆಯುತ್ತಿಲ್ಲ, ದಯವಿಟ್ಟು ಕೇಳಬೇಡಿ. ಮಹಿಳಾ ಮೀಸಲಾತಿ ಬಂತು ಅಂತ ಮನೆಯವರು ನಿಲ್ಲಿಸಿದರು, ಗೆದ್ದೆ. ಮೊದಲ ಆರು ತಿಂಗಳು ಪಿಡಿಒ ತಂದ ಕಾಗದಕ್ಕೆ ಸಹಿ ಹಾಕುವುದೇ ಕೆಲಸ ಅಂದುಕೊಂಡಿದ್ದೆ.

ನಮ್ಮೂರಲ್ಲಿ ಅಮ್ಮನ ಗುಡಿ ಇದೆ. ಎರಡು ವರ್ಷದ ಹಿಂದೆ ಜೀರ್ಣೋದ್ಧಾರ ಆಯಿತು. ಗೋಪುರ ಬಂತು, ಸುತ್ತ ಕಾಂಪೌಂಡ್ ಬಂತು. ಆ ಕಾಂಪೌಂಡ್ ಹಳೇ ಬಂಡಿದಾರಿಯ ಮೇಲೆ ಬಂದಿದೆ. ದಲಿತ ಕಾಲೊನಿಯವರ ಸ್ಮಶಾನಕ್ಕೆ ಇದ್ದದ್ದು ಅದೊಂದೇ ದಾರಿ.

ಹೋದ ಆಷಾಢದಲ್ಲಿ ಕಾಲೊನಿಯ ಒಬ್ಬ ಅಜ್ಜ ತೀರಿಕೊಂಡರು. ಹೊತ್ತವರು ಪಕ್ಕದ ಹೊಲದ ಬದುವಿನ ಮೇಲೆ ಹೋಗಬೇಕಾಯಿತು. ಆಗಷ್ಟೇ ಬಿತ್ತಿದ್ದ ಹೊಲ, ಹೊಲದವರು ಬಿಡಲಿಲ್ಲ. ಮಳೆಯಲ್ಲಿ ಚಟ್ಟ ಇಳಿಸಿಕೊಂಡು ಎರಡು ಗಂಟೆ ನಿಂತಿದ್ದರು. ಸುದ್ದಿ ಗೊತ್ತಾಗಿ ನಾನು ಹೋದೆ. ಅಜ್ಜನ ಮಗ ನನ್ನನ್ನು ಬಯ್ಯಲಿಲ್ಲ. "ಅಮ್ಮಾ, ನೀವೇ ಅಧ್ಯಕ್ಷರಲ್ವಾ" ಅಂದ, ಅಷ್ಟೇ. ಆ ಮಾತು ಇವತ್ತಿಗೂ ಕಿವಿಯಲ್ಲಿದೆ.

ಗುಡಿ ಕಟ್ಟಿದವರೆಲ್ಲ ನಮ್ಮವರೇ. ನಮ್ಮ ಮಾವನವರೇ ಕಮಿಟಿಯಲ್ಲಿದ್ದಾರೆ. "ದೇವರ ಗೋಡೆ ಒಡೆಸಿದರೆ ಮಕ್ಕಳಿಗೆ ತಟ್ಟುತ್ತೆ" ಅಂತಾರೆ ಅತ್ತೆ. ನಾನೂ ಮಂಗಳವಾರ ಒಪ್ಪೊತ್ತು ಮಾಡುವವಳೇ. ಆ ಅಮ್ಮನಿಗೇ ಹರಕೆ ಹೊತ್ತು ಮಗನನ್ನು ಪಡೆದವಳು. ಕಾನೂನು ಏನು ಅಂತ ಪಿಡಿಒ ಹೇಳುತ್ತಾರೆ. ನಾನು ಕೇಳುತ್ತಿರುವುದು ಧರ್ಮ. ಆಳುವ ಜಾಗದಲ್ಲಿ ಕೂತವರಿಗೆ ದೇವರ ಮುಂದೆ ಇರುವ ಕರ್ತವ್ಯ ಯಾವುದು?

ಹಳ್ಳಿಕಟ್ಟೆ

ಅಕ್ಕಾ, ನಿಮ್ಮ ಸಂಕಟ ಅರ್ಥವಾಗುತ್ತೆ. ಆದರೆ ನನ್ನ ಅಭಿಪ್ರಾಯ ಬೇರೆ. ಆಳುವವರ ಮೊದಲ ಧರ್ಮ ದೇವಸ್ಥಾನ ಕಾಪಾಡುವುದು. ನಮ್ಮ ರಾಜರೆಲ್ಲ ಮಾಡಿದ್ದು ಅದನ್ನೇ. ದತ್ತಿ ಬಿಟ್ಟರು, ಕಳಶ ಇಟ್ಟರು. ಜನ ಕೂಲಿ ಮಾಡಿ ಉಳಿಸಿದ ದುಡ್ಡಿನಲ್ಲಿ ಕಟ್ಟಿದ ಗೋಡೆಗೆ ಹಾರೆ ಹಾಕಿಸಿದರೆ ಊರಿನ ಮನಸ್ಸು ಒಡೆಯುತ್ತದೆ. ಗುಡಿಯ ಪಕ್ಕದಲ್ಲೇ ಹೆಣ ಹೋಗುವುದು ಹಿರಿಯರಿಗೆ ಮೈಲಿಗೆ ಅನ್ನಿಸುತ್ತೆ, ಅದನ್ನೂ ಸುಮ್ನೆ ತಳ್ಳಿಹಾಕಬೇಡಿ. ಬೇರೆ ಕಡೆ ಹೊಸ ದಾರಿ ಕೊಡಿಸಲು ನೋಡಿ.

ಬಸದಿಬೀದಿ ಮೇಷ್ಟ್ರು

ತಾಯಿ, ನಾನು ಹಾಸನ ಜಿಲ್ಲೆಯವನು, ಇತಿಹಾಸ ಪಾಠ ಮಾಡಿ ನಿವೃತ್ತನಾದವನು. ಹಳ್ಳಿಕಟ್ಟೆಯವರು ರಾಜರ ಮಾತು ತೆಗೆದರು. ಹಾಗಾದರೆ ಒಂದು ಕಲ್ಲಿನ ವಿಷಯ ಹೇಳಲೇಬೇಕು. ಪ್ರತಿವರ್ಷ ಮಕ್ಕಳನ್ನು ಕರೆದುಕೊಂಡು ಹೋಗಿ ಅದರ ಮುಂದೆ ನಿಲ್ಲಿಸುತ್ತಿದ್ದೆ.

ಶ್ರವಣಬೆಳಗೊಳದ ಭಂಡಾರಿ ಬಸದಿಯಲ್ಲಿ ಆ ಶಾಸನ ಇದೆ. ಬಸದಿ ಕಟ್ಟಿಸಿದ್ದು ಹೊಯ್ಸಳ ನರಸಿಂಹನ ಭಂಡಾರಿ ಹುಳ್ಳ, 1159ರಲ್ಲಿ. ಶಾಸನ ಅದಕ್ಕಿಂತ ಇನ್ನೂರು ವರ್ಷ ಈಚಿನದು. ವಿಜಯನಗರದ ಬುಕ್ಕರಾಯನ ಕಾಲ, 1368. ಜೈನರ ಬಸದಿಯಲ್ಲಿರುವ ಆ ಕಲ್ಲು ಶುರುವಾಗುವುದೇ ರಾಮಾನುಜರ ಸ್ತುತಿಯಿಂದ! ಯಾಕೆ ಅಂತ ಮುಂದೆ ಓದಿದರೆ ತಿಳಿಯುತ್ತದೆ.

ಜೈನರಿಗೂ ಶ್ರೀವೈಷ್ಣವ ಭಕ್ತರಿಗೂ ಜಗಳ ಬಂತು. ಆನೆಗೊಂದಿ, ಹೊಸಪಟ್ಟಣ, ಪೆನುಗೊಂಡೆ, ಕಲ್ಲೇಹ, ಹೀಗೆ ಎಲ್ಲ ಕಡೆಯ ಜೈನರು ಸೇರಿ ರಾಯನ ಹತ್ತಿರ ಹೋದರು. ಭಕ್ತರು ಮಾಡುವ ಅನ್ಯಾಯವನ್ನು ಬಿನ್ನವಿಸಿಕೊಂಡರು. 'ಅನ್ಯಾಯ' ಅನ್ನುವ ಪದವನ್ನೇ ಕಲ್ಲಿನಲ್ಲಿ ಬರೆಸಿದ್ದಾರೆ, ಮುಚ್ಚಿಟ್ಟಿಲ್ಲ. ಜೈನರು ಆಗ ಸಂಖ್ಯೆಯಲ್ಲೂ ಬಲದಲ್ಲೂ ಇಳಿಮುಖವಾಗಿದ್ದರು. ಎದುರಿಗಿದ್ದವರು ದೊಡ್ಡವರು.

ಬುಕ್ಕರಾಯ ಏನು ಮಾಡಿದ? ಶ್ರೀರಂಗ, ತಿರುಪತಿ, ಕಂಚಿ, ಮೇಲುಕೋಟೆಯ ಆಚಾರ್ಯರನ್ನು ಕೂಡಿಸಿದ. ಆ ಸಭೆಯಲ್ಲಿ ತಿರುಕುಲದವರೂ ಜಾಂಬವಕುಲದವರೂ ಇದ್ದರು. ಇವತ್ತು ನಾವು ದಲಿತರು ಅನ್ನುವ ಸಮುದಾಯಗಳು ಅವು. ಎಲ್ಲರ ಎದುರಿಗೆ ಜೈನರ ಕೈ ಹಿಡಿದು ವೈಷ್ಣವರ ಕೈಯಲ್ಲಿ ಇಟ್ಟ. ಈ ಎರಡು ದರ್ಶನಕ್ಕೂ ಭೇದವಿಲ್ಲ ಅಂದ. ಜೈನರಿಗೆ ಪಂಚಮಹಾವಾದ್ಯವೂ (ಗೌರವಕ್ಕೆ ನುಡಿಸುವ ಐದು ವಾದ್ಯ) ಕಳಶವೂ ಸಲ್ಲುತ್ತದೆ ಅಂದ. ಭಕ್ತರ ಕಡೆಯಿಂದ ಜೈನರಿಗೆ ಹಾನಿಯಾದರೆ ಅದನ್ನು ವೈಷ್ಣವರು ತಮಗೇ ಆದ ಹಾನಿ ಅಂತ ತಿಳಿಯಬೇಕು ಅಂದ. ಅಷ್ಟಕ್ಕೇ ಬಿಡಲಿಲ್ಲ. ರಾಜ್ಯದಲ್ಲಿರುವ ಎಲ್ಲ ಬಸದಿಗಳಲ್ಲೂ ಈ ಕಟ್ಟಳೆಯ ಕಲ್ಲನ್ನು ವೈಷ್ಣವರೇ ನೆಡಬೇಕು ಅಂದ.

ನೋಡಿ ತಾಯಿ, ಭಾರ ಹೊರಿಸಿದ್ದು ಬಲ ಇದ್ದವರ ಹೆಗಲಿಗೆ. ನನ್ನ ತಿಳಿವಳಿಕೆಯಲ್ಲಿ ಆಳುವವರ ಧರ್ಮ ಅದೇ.

ಮಾಗಡಿ ಸೀಮೆ

ಮೇಷ್ಟ್ರೇ, ನೀವು ಹೇಳಿದ ಕಲ್ಲೇಹ ನಮ್ಮ ಮಾಗಡಿ ತಾಲ್ಲೂಕಿನ ಕಲ್ಯ! ಅದೇ ಕಟ್ಟಳೆಯ ಕಲ್ಲು ಅಲ್ಲೂ ಇದೆ. ಬೆಳಗೊಳದ ಶಾಸನದ ಕೊನೆಯಲ್ಲಿ ಕಲ್ಲೇಹದ ಬುಸುವಿ ಸೆಟ್ಟಿಯ ಹೆಸರು ಬರುತ್ತದೆ. ರಾಯನಿಗೆ ಬಿನ್ನಹ ಮಾಡಿ, ವೈಷ್ಣವರ ಹಿರಿಯರಾದ ತಿರುಮಲೆಯ ತಾತಯ್ಯನವರನ್ನು ಕರೆಸಿ, ಹಳೇ ಕಟ್ಟಡ ರಿಪೇರಿ ಮಾಡಿಸಿದವನು ಆತ. ಎರಡೂ ಕಡೆಯವರು ಸೇರಿ ಅವನಿಗೆ ಸಂಘನಾಯಕ ಅಂತ ಪಟ್ಟ ಕಟ್ಟಿದರು.

ರಾಜನ ಹೆಸರು ಎಲ್ಲರೂ ಹೇಳುತ್ತಾರೆ. ಓಡಾಡಿದ ಸೆಟ್ಟಿಯನ್ನು ಯಾರೂ ನೆನೆಯುವುದಿಲ್ಲ. ಪಂಚಾಯಿತಿ ಅಧ್ಯಕ್ಷೆಯ ಕೆಲಸ ನನಗೆ ಕಾಣುವುದು ಆ ಸೆಟ್ಟಿಯ ಕೆಲಸದ ಹಾಗೆ. ಎರಡೂ ಮನೆಗೆ ಹೋಗಿ, ನೀರು ಕುಡಿದು, ಮಾತಾಡಿಸಿ, ಒಂದು ಕಡೆ ಕೂರಿಸುವುದು.

ಕರಿಕೋಟು

ನಾನು ವಕೀಲ. ಮೇಷ್ಟ್ರು ಬರೆದದ್ದು ಓದಿ ಖುಷಿಯಾಯಿತು, ಆದರೆ ಒಂದು ಭಾಗ ಬಿಟ್ಟಿದ್ದಾರೆ. ಅದೇ ಶಾಸನದಲ್ಲಿ ಜೈನರು ಮನೆಗೆ ವರ್ಷಕ್ಕೆ 1 ಹಣ (ಆ ಕಾಲದ ಒಂದು ನಾಣ್ಯ) ಕೊಡಬೇಕು ಅಂತ ಇದೆ. ಆ ದುಡ್ಡಿನಲ್ಲಿ ಬೆಳಗೊಳದ ದೇವರ ಕಾವಲಿಗೆ 20 ಆಳುಗಳನ್ನು ಇಡಬೇಕು. ಉಳಿದದ್ದರಲ್ಲಿ ಪಾಳುಬಿದ್ದ ಜಿನಾಲಯಗಳಿಗೆ ಸುಣ್ಣ ಹೊಡೆಸಬೇಕು. ಅಂದರೆ ಪೆಟ್ಟು ತಿಂದವರೇ ಕಾವಲಿನ ಖರ್ಚನ್ನೂ ಕೊಡಬೇಕಾಯಿತು. ಇದು ನನಗೆ ನ್ಯಾಯ ಅನ್ನಿಸುವುದಿಲ್ಲ. ಇಂದಿನ ನಮ್ಮ ಸಂವಿಧಾನದ 27ನೇ ವಿಧಿ ಯಾವುದೋ ಒಂದು ಧರ್ಮವನ್ನು ಬೆಳೆಸುವುದಕ್ಕೆ ತೆರಿಗೆ ಕೊಡಿ ಅಂತ ಯಾರನ್ನೂ ಬಲವಂತ ಮಾಡಬಾರದು ಅನ್ನುತ್ತದೆ. ಕಾವಲು ಇಡುವುದು ಸರ್ಕಾರದ ಕೆಲಸ.

ಮೇಡಂ, ಕಾನೂನು ಬೇಡ ಧರ್ಮ ಹೇಳಿ ಅಂದಿರಿ. ನನ್ನ ಮಟ್ಟಿಗೆ ಈ ಎರಡೂ ಬೇರೆ ಅಲ್ಲ. ಮಂತ್ರಿಗಳು ತೆಗೆದುಕೊಳ್ಳುವ ಪ್ರಮಾಣವಚನ ಸಂವಿಧಾನದ ಮೂರನೇ ಅನುಸೂಚಿಯಲ್ಲಿದೆ. ದೇವರ ಹೆಸರಲ್ಲಾದರೂ ಮಾಡಬಹುದು, ದೇವರ ಹೆಸರಿಲ್ಲದೆ ಸತ್ಯನಿಷ್ಠೆಯಿಂದಲಾದರೂ ಮಾಡಬಹುದು. ಆದರೆ ಮುಂದಿನ ಮಾತು ಇಬ್ಬರಿಗೂ ಒಂದೇ. ಭಯ ಇಲ್ಲದೆ, ಪಕ್ಷಪಾತ ಇಲ್ಲದೆ, ರಾಗದ್ವೇಷ ಇಲ್ಲದೆ ಎಲ್ಲ ಬಗೆಯ ಜನರಿಗೂ ನ್ಯಾಯ ಮಾಡುತ್ತೇನೆ ಅನ್ನುವುದು. ದ್ವೇಷದ ಮಾತು ಎಲ್ಲರಿಗೂ ಗೊತ್ತು. ಅಲ್ಲಿ ರಾಗವೂ ಇದೆ, ಅಂದರೆ ಪ್ರೀತಿ, ನಮ್ಮವರು ಅನ್ನುವ ಮಮತೆ. ನಿಮ್ಮ ಕಷ್ಟ ಇರುವುದು ಆ ಪದದಲ್ಲಿ.

ಇನ್ನೊಂದು ಗೊತ್ತಿರಲಿ. 1989ರ ದೌರ್ಜನ್ಯ ತಡೆ ಕಾಯ್ದೆಗೆ 2015ರಲ್ಲಿ ತಿದ್ದುಪಡಿ ಬಂತು. ಪರಿಶಿಷ್ಟರು ಸ್ಮಶಾನವನ್ನೋ ದಾರಿಯನ್ನೋ ಬೇರೆಯವರಂತೆ ಬಳಸುವುದಕ್ಕೆ ಅಡ್ಡಿ ಮಾಡುವುದು ಅಪರಾಧ ಅಂತ ಅದರಲ್ಲಿ ಬಿಡಿಸಿ ಹೇಳಿದೆ. ಅದೇ ಕಾಯ್ದೆಯ 4ನೇ ಸೆಕ್ಷನ್ ಪ್ರಕಾರ, ಬೇಕೆಂದೇ ಕರ್ತವ್ಯ ಮಾಡದೆ ಕೂತ ಸರ್ಕಾರಿ ಸೇವಕರಿಗೂ ಶಿಕ್ಷೆ ಇದೆ. ಹೆದರಿಸುತ್ತಿಲ್ಲ. ಸುಮ್ಮನೆ ಕೂರುವುದೂ ಒಂದು ಪಕ್ಷ ಹಿಡಿದ ಹಾಗೇ ಅಂತ ಹೇಳುತ್ತಿದ್ದೇನೆ.

ಬಸದಿಬೀದಿ ಮೇಷ್ಟ್ರು

ವಕೀಲರು ಹೇಳಿದ್ದು ಸರಿ. 1 ಹಣದ ಮಾತು ನಾನು ಬರೆಯಬೇಕಿತ್ತು. ಕಾವಲಿನ ಹೊಣೆಯನ್ನು ತಿರುಮಲೆಯ ತಾತಯ್ಯನವರಿಗೆ ವಹಿಸಿದರು, ಅಂದರೆ ಎದುರುಪಕ್ಷದ ಹಿರಿಯರಿಗೇ. ಅದರಲ್ಲಿ ಒಂದು ಜಾಣತನ ಇದೆ ಅಂತ ಯಾವಾಗಲೂ ಮಕ್ಕಳಿಗೆ ಹೇಳುತ್ತಿದ್ದೆ. ದುಡ್ಡು ಯಾರ ಮನೆಯಿಂದ ಬಂತು ಅಂತ ಕೇಳುವುದನ್ನು ಮರೆತಿದ್ದೆ.

ಭೀಮಾತೀರ

ನಮ್ಮ ಕಲಬುರಗಿ ಜಿಲ್ಲೆ ಸನ್ನತಿಯ ಕಲ್ಲನ್ನೂ ಇಲ್ಲಿ ನೆನೆಯಬೇಕು. ಭೀಮಾ ನದಿ ದಂಡೆ, ಚಂದ್ರಲಾಂಬಾ ಗುಡಿ. ಅಲ್ಲಿ ಕಾಳಿಯ ಮೂರ್ತಿಗೆ ಪೀಠವಾಗಿದ್ದ ಕಲ್ಲು ಅಶೋಕನ ಶಾಸನ ಅಂತ 1980ರ ದಶಕದಲ್ಲಿ ಗೊತ್ತಾಯಿತು. ಅದರ ಒಂದು ಭಾಗದಲ್ಲಿ ಅಶೋಕನ 12ನೇ ಬಂಡೆ ಶಾಸನ ಇದೆ. ತನ್ನ ಮತವನ್ನು ಹೊಗಳಿ ಬೇರೆಯವರ ಮತವನ್ನು ತೆಗಳುವವನು ತನ್ನ ಮತಕ್ಕೇ ಕೇಡು ಮಾಡುತ್ತಾನೆ ಅಂತ ಅದರ ಸಾರ.

ಆದರೆ ನನ್ನ ಮನಸ್ಸಿಗೆ ಜಾಸ್ತಿ ಹತ್ತಿರ ಇರುವುದು ಅದೇ ಕಲ್ಲಿನಲ್ಲಿರುವ ಇನ್ನೊಂದು ಶಾಸನ. ಅದನ್ನು ಜನರಿಗೆ ಬರೆಸಿದ್ದಲ್ಲ, ಅಧಿಕಾರಿಗಳಿಗೆ ಬರೆಸಿದ್ದು. ಒಡಿಶಾದ ಧೌಲಿ, ಜೌಗಡದಲ್ಲೂ ಅದು ಸಿಗುತ್ತದೆ. ಕಳಿಂಗ ಯುದ್ಧದಲ್ಲಿ ಅಷ್ಟು ಜನರನ್ನು ಕೊಲ್ಲಿಸಿದ ದೊರೆ ಅದೇ ನೆಲದಲ್ಲಿ ಬರೆಸುತ್ತಾನೆ, ಎಲ್ಲ ಮನುಷ್ಯರೂ ನನ್ನ ಮಕ್ಕಳು ಅಂತ. ಆಮೇಲೆ ಅಧಿಕಾರಿಗಳು ಎಲ್ಲಿ ಎಡವುತ್ತಾರೆ ಅಂತ ಪಟ್ಟಿ ಕೊಡುತ್ತಾನೆ. ಹೊಟ್ಟೆಕಿಚ್ಚು, ಬೇಗ ಬರುವ ಸಿಟ್ಟು, ಕ್ರೌರ್ಯ, ಆತುರ, ಸೋಮಾರಿತನ, ದಣಿವು. ದಣಿವು! ಸುಸ್ತಾಗಿದೆ ಅನ್ನುವುದೂ ಅವನ ಲೆಕ್ಕದಲ್ಲಿ ತಪ್ಪೇ. ಕಾರಣ ಇಲ್ಲದೆ ಯಾರನ್ನೂ ಸೆರೆಗೆ ಹಾಕಬೇಡಿ, ಹಿಂಸೆ ಕೊಡಬೇಡಿ ಅಂತಾನೆ. ಈ ಮಾತನ್ನು ಆಗಾಗ ಓದಿಸಿ ಕೇಳಬೇಕು ಅಂತಾನೆ.

ನಾನು 31 ವರ್ಷ ಸರ್ಕಾರಿ ಕಚೇರಿಯಲ್ಲಿ ಕೂತವನು. ನಮ್ಮಲ್ಲಿ ಲಂಚಕ್ಕಿಂತ ಹೆಚ್ಚು ಫೈಲುಗಳನ್ನು ಕೊಂದದ್ದು ಆ ಕೊನೆಯ ಎರಡು. ಬಡವ ಬಾಗಿಲಿಗೆ ಬಂದಾಗ "ನಾಳೆ ಬಾರಪ್ಪ" ಅಂದೆವು. ಅವನ ಒಂದು ದಿನದ ಕೂಲಿ ಹೋಯಿತು ಅನ್ನುವುದು ನಮಗೆ ಹೊಳೆಯಲಿಲ್ಲ. ಈಗ ನೆನೆದರೆ ಹೊಟ್ಟೆ ಉರಿಯುತ್ತದೆ. ತಂಗೀ, ನಿನಗೆ ಇನ್ನೂ ಸಮಯ ಇದೆ.

ಗುಲ್‌ಮೊಹರ್

ಅಕ್ಕಾ, ನಾನು ಮುಸ್ಲಿಂ. ನಮ್ಮ ಅಬ್ಬಾ ಒಂದು ಸಣ್ಣ ಸಹಕಾರ ಸಂಘದ ಖಜಾಂಚಿ ಆಗಿದ್ದರು. ಅಧಿಕಾರವನ್ನು ಅವರು 'ಅಮಾನತ್' ಅನ್ನುತ್ತಿದ್ದರು. ಯಾರೋ ನಂಬಿ ಇಟ್ಟುಹೋದ ಒತ್ತೆ ಅಂತ ಅರ್ಥ. ಕುರಾನಿನ ನಾಲ್ಕನೇ ಅಧ್ಯಾಯದ 58ನೇ ವಚನದಲ್ಲಿ ಇದೇ ಇದೆ. ಅಮಾನತ್ತನ್ನು ಅದರ ಹಕ್ಕುದಾರರಿಗೆ ಒಪ್ಪಿಸಿ, ಜನರ ನಡುವೆ ತೀರ್ಪು ಕೊಡುವಾಗ ನ್ಯಾಯದಿಂದ ಕೊಡಿ ಅಂತ. ಬರೀ ನಮ್ಮ ಜನರ ನಡುವೆ ಅಂತಿಲ್ಲ, ಜನರ ನಡುವೆ ಅಂತಿದೆ. ಅಬ್ಬಾ ಇದನ್ನು ಬೆರಳಿಟ್ಟು ತೋರಿಸುತ್ತಿದ್ದರು.

ಕನ್ನಡದಲ್ಲಿ ಅದೇ ಪದ ಕೆಲಸದಿಂದ ಅಮಾನತು ಮಾಡುವುದಕ್ಕೆ ಬಳಕೆಯಾಗುತ್ತೆ ಅಲ್ವಾ? ಪೇಪರಿನಲ್ಲಿ ಆ ಪದ ಕಂಡಾಗಲೆಲ್ಲ ನನಗೆ ಅಬ್ಬಾ ನೆನಪಾಗುತ್ತಾರೆ. ಒತ್ತೆ ಇಟ್ಟದ್ದನ್ನು ವಾಪಸ್ ಕೇಳಿದ ಹಾಗೆ ಕೇಳಿಸುತ್ತೆ.

ಕಾಲೊನಿ ಹುಡುಗ

ನಾನು ಈ ಮೇಡಂ ಊರಿನವನಲ್ಲ. ಆದರೆ ಇಂಥದ್ದೇ ಒಂದು ಕಾಲೊನಿಯಲ್ಲಿ ಹುಟ್ಟಿದವನು. ನಮ್ಮಜ್ಜಿಯನ್ನು ಮಣ್ಣು ಮಾಡಲು ಕೆರೆ ಕೋಡಿ ದಾಟಿ ಹೋದೆವು, ಸೊಂಟದವರೆಗೂ ನೀರು. ಆಗ ನನಗೆ 14 ವರ್ಷ.

ಮೇಷ್ಟ್ರೇ, ನಿಮ್ಮ ಮೇಲೆ ಗೌರವ ಇದೆ. ಆದರೆ ಕೈ ಹಿಡಿದು ಇನ್ನೊಬ್ಬರ ಕೈಯಲ್ಲಿ ಇಡುವ ಕಥೆ ಕೇಳಿದರೆ ನನಗೆ ಕಸಿವಿಸಿ ಆಗುತ್ತೆ. ದೊಡ್ಡವರು ಕರುಣೆ ತೋರಿಸಬೇಕು, ಚಿಕ್ಕವರು ಕೈ ಚಾಚಬೇಕು, ಇದೇ ತಾನೇ ಎಷ್ಟೋ ಕಾಲದಿಂದ ನಡೆದಿದ್ದು? ನಮ್ಮ ಕೈಯನ್ನು ಯಾರ ಕೈಗೂ ಕೊಡಿಸುವುದು ಬೇಡ. ದಾರಿ ಬೇಕು. ಅದು ನಮ್ಮದೇ ದಾರಿ. ಹಳ್ಳಿಕಟ್ಟೆಯವರು ಹೊಸ ದಾರಿ ಕೊಡಿಸಿ ಅಂದರು. ಹೊಸದು ಯಾಕೆ ಬೇಕು? ಹಳೆಯದು ಎಲ್ಲಿ ಹೋಯಿತು? ಮೈಲಿಗೆ ಅಂದರು. ಗುಡಿ ಕಟ್ಟುವಾಗ ಕಲ್ಲು ಹೊತ್ತವರಲ್ಲಿ ಕಾಲೊನಿಯವರು ಇರಲಿಲ್ವಾ? ಆಗ ಮೈಲಿಗೆ ಆಗಲಿಲ್ವಾ?

ಸೀಬೆತೋಟ

ಇದ್ದರು. ಗೋಪುರಕ್ಕೆ ಗಾರೆ ಹೊತ್ತದ್ದು ಅವರೇ. ಆ ಅಜ್ಜನ ಮಗನೂ ಇದ್ದ.

ಬಸದಿಬೀದಿ ಮೇಷ್ಟ್ರು

ಮಗೂ, ನಿನ್ನ ಮಾತು ಓದಿ ರಾತ್ರಿ ನಿದ್ದೆ ಬರಲಿಲ್ಲ. ಎದ್ದು ಶಾಸನದ ಪಾಠ ಮತ್ತೆ ಓದಿದೆ. ನಾನು ಪಾಠ ಮಾಡುವಾಗ ಕೈ ಹಿಡಿದ ದೃಶ್ಯಕ್ಕೆ ಒತ್ತು ಕೊಡುತ್ತಿದ್ದೆ, ಮಕ್ಕಳಿಗೆ ಕಣ್ಣಿಗೆ ಕಟ್ಟಲಿ ಅಂತ. ಅದರ ಪಕ್ಕದಲ್ಲೇ ಇರುವ ಒಂದು ಪದವನ್ನು ಇಷ್ಟು ವರ್ಷ ಹಗುರವಾಗಿ ದಾಟಿಬಿಟ್ಟಿದ್ದೆ. ವಾದ್ಯವೂ ಕಳಶವೂ ಜೈನರಿಗೆ ಸಲ್ಲುವುದು 'ಪೂರ್ವಮರಿಯಾದೆ'ಯಂತೆ ಅಂತಿದೆ. ಅಂದರೆ ಹಿಂದಿನಿಂದ ಇದ್ದ ಹಾಗೆ. ರಾಯ ಹೊಸದಾಗಿ ಏನನ್ನೂ ದಯಪಾಲಿಸಲಿಲ್ಲ. ಅವರದ್ದು ಅವರಿಗೆ ಇತ್ತು, ನಡುವೆ ಯಾರೋ ಕಿತ್ತುಕೊಂಡಿದ್ದರು, ಅದನ್ನು ಮತ್ತೆ ಅವರದ್ದು ಅಂತ ಬರೆಸಿದ. ನೀನು ಹೇಳಿದ ಮಾತು ಕಲ್ಲಿನಲ್ಲೇ ಇದೆ. ನನಗೆ ಕಾಣಲು ನೀನು ಹೇಳಬೇಕಾಯಿತು.

ಅಧ್ಯಕ್ಷೆ ತಾಯಿ, ನಿಮ್ಮೂರಿನ ಪೂರ್ವಮರ್ಯಾದೆ ಗ್ರಾಮ ನಕಾಶೆಯಲ್ಲಿ ಇರುತ್ತದೆ. ಸರ್ವೇ ಇಲಾಖೆಯಲ್ಲಿ ಪ್ರತಿ ತೆಗೆಸಿ. ಬಂಡಿದಾರಿಯನ್ನು ಗೆರೆ ಎಳೆದು ತೋರಿಸಿರುತ್ತಾರೆ.

ಇನ್ನೊಂದು. ಕಟ್ಟಳೆ ಮುರಿದವರಿಗೆ ಅಲ್ಲಿ ಶಾಪ ಇದೆ. ಅವನು ರಾಜದ್ರೋಹಿ, ಸಂಘಕ್ಕೆ ಸಮುದಾಯಕ್ಕೆ ದ್ರೋಹಿ. ತಪಸ್ವಿಯೇ ಆಗಲಿ, ಊರಿನ ಗೌಡನೇ ಆಗಲಿ, ಗಂಗೆಯ ದಡದಲ್ಲಿ ಕಪಿಲೆ ಹಸುವನ್ನೂ ಬ್ರಾಹ್ಮಣನನ್ನೂ ಕೊಂದ ಪಾಪಕ್ಕೆ ಹೋಗುತ್ತಾನೆ ಅಂತ. ನಿಮ್ಮ ಅತ್ತೆಯವರು ಪಾಪದ ಮಾತು ಎತ್ತಿದರಲ್ಲ, ಅದಕ್ಕೇ ಹೇಳಿದೆ. ಆ ಕಾಲದವರಿಗೆ ಗೊತ್ತಿದ್ದ ಅತಿ ದೊಡ್ಡ ಪಾಪವನ್ನು ಇಟ್ಟದ್ದು ದುರ್ಬಲರ ಹಕ್ಕು ಕಿತ್ತುಕೊಳ್ಳುವವರ ತಲೆಯ ಮೇಲೆ.

ಕೆಆರ್ ಸರ್ಕಲ್

ಮನೆಯವರೇ ವಿರೋಧ ಅನ್ನುವುದಕ್ಕೆ ಒಂದು ಮಾತು. ಮೈಸೂರಿನಲ್ಲಿ ನಾಲ್ವಡಿಯವರು 1918ರಲ್ಲಿ ಮಿಲ್ಲರ್ ಸಮಿತಿ ಮಾಡಿದರು. ಸರ್ಕಾರಿ ಕೆಲಸಗಳಲ್ಲಿ ಒಂದೇ ಸಮುದಾಯದವರು ತುಂಬಿದ್ದಾರೆ, ಹಿಂದುಳಿದವರಿಗೂ ಪಾಲು ಸಿಗಬೇಕು ಅಂತ. ದಿವಾನರಾಗಿದ್ದ ವಿಶ್ವೇಶ್ವರಯ್ಯನವರಿಗೆ ಅದು ಒಪ್ಪಿಗೆ ಇರಲಿಲ್ಲ. ಅಷ್ಟು ದೊಡ್ಡವರು, ಅಷ್ಟು ಹತ್ತಿರದವರು. ಆದರೂ ಅರಸರು ಹಿಂದೆ ಸರಿಯಲಿಲ್ಲ. ಅದಕ್ಕೆ ಎಂಥ ಧೈರ್ಯ ಬೇಕಿತ್ತೋ!

ಹಳ್ಳಿಕಟ್ಟೆ

ಮೂರು ದಿನದಿಂದ ಎಲ್ಲ ಓದುತ್ತಿದ್ದೇನೆ. ಗಾರೆ ಹೊತ್ತ ಮಾತು ನನ್ನನ್ನು ನಾಟಿತು. ಮೈಲಿಗೆ ಅಂತ ಬರೆದದ್ದಕ್ಕೆ ಆ ತಮ್ಮನ ಕ್ಷಮೆ ಕೇಳುತ್ತೇನೆ.

ಆದರೂ ಒಂದು ಮಾತು ಬಿಡುವುದಿಲ್ಲ ಅಕ್ಕಾ. ಪೊಲೀಸರನ್ನು ನಿಲ್ಲಿಸಿ ಜೆಸಿಬಿ ತರಿಸಬೇಡಿ. ಗೋಡೆ ಹೋಗುತ್ತೆ, ಹಗೆ ಉಳಿಯುತ್ತೆ. ಆಮೇಲೆ ಅನುಭವಿಸುವವರು ಕಾಲೊನಿಯವರೇ, ಅವರು ಅದೇ ಊರಿನಲ್ಲಿ ಕೂಲಿಗೆ ಹೋಗಬೇಕು. ಕಟ್ಟಿದ ಕಮಿಟಿಯೇ ತೆಗೆಯುವ ಹಾಗೆ ಮಾಡಿ. ನಿಮ್ಮ ಮಾವನವರೇ ಮುಂದೆ ನಿಂತರೆ ಊರು ಬಾಯಿ ಮುಚ್ಚುತ್ತೆ.

ಕಾಲೊನಿ ಹುಡುಗ

ಕ್ಷಮೆ ಪರವಾಗಿಲ್ಲ ಅಣ್ಣ. ನೀವು ಹೇಳಿದ್ದರಲ್ಲಿ ನಿಜ ಇದೆ, ನಮ್ಮೂರಲ್ಲಿ ದಾರಿ ಬಿಟ್ಟುಕೊಟ್ಟ ಮೇಲೆ ಒಂದು ವರ್ಷ ಯಾರೂ ಕೆಲಸಕ್ಕೆ ಕರೆಯಲಿಲ್ಲ. ಆದರೆ ಕಮಿಟಿ ಮನಸ್ಸು ಬದಲಾಗುವವರೆಗೆ ಕಾಯಿರಿ ಅಂತ ಮಾತ್ರ ಹೇಳಬೇಡಿ. ಸಾವು ಕಾಯುವುದಿಲ್ಲ. ಮೇಡಂ, ಒಂದು ತಾರೀಕು ಇಡಿ.

ಸೀಬೆತೋಟ

ಐದು ವಾರ ಬರೆಯಲಿಲ್ಲ. ಎಲ್ಲರ ಮಾತನ್ನೂ ಎರಡೆರಡು ಸಲ ಓದಿದೆ. ಕೆಲವನ್ನು ಮಾವನವರಿಗೂ ಓದಿ ಹೇಳಿದೆ.

ನಕಾಶೆ ಪ್ರತಿ ತೆಗೆಸಿದೆ. ಬಂಡಿದಾರಿ ಇದೆ, ಗುಡಿ ಪಕ್ಕದಲ್ಲೇ ಹಾದು ಸ್ಮಶಾನ ಮುಟ್ಟುತ್ತದೆ. ಸರ್ವೇಯರ್ ಬಂದು ಅಳೆದರು. ಗೋಡೆ 11 ಅಡಿ ದಾರಿಯ ಒಳಗೆ ಬಂದಿದೆ. ಗುಡಿಗೆ, ಗೋಪುರಕ್ಕೆ ಏನೂ ಆಗಬೇಕಿಲ್ಲ, ಕಾಂಪೌಂಡಿನ ಒಂದು ಮೂಲೆ ಹಿಂದಕ್ಕೆ ಬಂದರೆ ಸಾಕು. ಇಷ್ಟು ಸಣ್ಣ ವಿಷಯಕ್ಕೆ ಒಬ್ಬ ಅಜ್ಜನ ದೇಹ ಎರಡು ಗಂಟೆ ಮಳೆಯಲ್ಲಿ ನೆನೆಯಿತು ಅಂತ ಅಲ್ಲೇ ಅತ್ತುಬಿಟ್ಟೆ. ಸರ್ವೇಯರ್ ಮುಖ ಆ ಕಡೆ ತಿರುಗಿಸಿಕೊಂಡರು.

ಗ್ರಾಮಸಭೆ ಮಾಡಿದೆವು. ಗಲಾಟೆ ಆಯಿತು. ಅರ್ಧ ಜನ ಎದ್ದು ಹೋದರು. ಒಬ್ಬ ಸದಸ್ಯರು, ದಾರಿ ಬೇಕಾದವರೇ ಖರ್ಚು ಹಾಕಿಕೊಳ್ಳಲಿ ಅಂದರು. ವಕೀಲ ಸರ್ ಬರೆದ 1 ಹಣ ಆಗ ನೆನಪಿಗೆ ಬಂತು. ನಾನು ಸಾಮಾನ್ಯವಾಗಿ ಸಭೆಯಲ್ಲಿ ಜೋರಾಗಿ ಮಾತಾಡುವವಳಲ್ಲ. ಅವತ್ತು ಮಾತಾಡಿದೆ. ಕಾಲೊನಿಯಿಂದ ಒಂದು ರೂಪಾಯಿಯೂ ಬರಕೂಡದು, ಪಂಚಾಯಿತಿಯ ಸ್ವಂತ ನಿಧಿಯಿಂದ ಆಗುತ್ತೆ ಅಂದೆ. ತಾರೀಕೂ ಹೇಳಿದೆ, ಬರುವ ತಿಂಗಳ 9. ಠರಾವಿನಲ್ಲಿ ಬರೆಸಿ ಸಹಿ ಹಾಕಿದೆ. ಏನು ಬರೆದಿದೆ ಅಂತ ಪೂರ್ತಿ ಓದಿ ಹಾಕಿದ ಸಹಿ ಅದು.

ಅತ್ತೆ ನನ್ನ ಜೊತೆ ಮಾತು ಬಿಟ್ಟಿದ್ದಾರೆ. ಮಂಗಳವಾರ ಇಬ್ಬರೂ ಗುಡಿಗೆ ಹೋಗುತ್ತೇವೆ, ಬೇರೆ ಬೇರೆ ಹೊತ್ತಿಗೆ. ನಾನು ಅಮ್ಮನ ಮುಂದೆ ನಿಂತಾಗ ಮೊದಲಿನ ಹೆದರಿಕೆ ಇಲ್ಲ.

ಮೇಷ್ಟ್ರೇ, ಕಲ್ಲನ್ನು ವೈಷ್ಣವರೇ ನೆಡಬೇಕು ಅಂತ ರಾಯ ಹೇಳಿದ್ದು ನನ್ನ ತಲೆಯಲ್ಲಿ ಉಳಿದುಬಿಟ್ಟಿದೆ. ದಾರಿಯ ಎರಡೂ ಬದಿಗೆ ಬಾಂದುಕಲ್ಲು ತರಿಸಿ ಪಂಚಾಯಿತಿ ಕಚೇರಿ ಮುಂದೆ ಇಳಿಸಿದ್ದೇವೆ. ಕಮಿಟಿಯವರೇ ನಿಂತು ನೆಡಿಸಬೇಕು ಅಂತ ಕೇಳಿದ್ದೇನೆ. ಇಬ್ಬರು ಬರುತ್ತೇನೆ ಅಂದಿದ್ದಾರೆ. ನಿನ್ನೆ ಸಂಜೆ ಮಾವ ಕಚೇರಿ ಹತ್ತಿರ ಬಂದಿದ್ದರು. ಕಲ್ಲುಗಳನ್ನು ನೋಡಿದರು, ಎಷ್ಟು ಆಳಕ್ಕೆ ಹೂಳಬೇಕು ಅಂತ ಕೇಳಿದರು. ಬರುತ್ತೇನೆ ಅಂತ ಇನ್ನೂ ಹೇಳಿಲ್ಲ.